ಸಂಬಳ ಬಿಟ್ಟು ಬಡವರ ಓಣಿಗೆ ಬಂದ ಪಾದ್ರಿ ಜಾರ್ಜ್ ಬೋವೆನ್

ವಿಕ್ರೋಳಿ: ಇಲ್ಲಿನ ಗುಡ್ಡದ ಮೇಲಿನ ಝೋಪಡಿಗಳಲ್ಲಿ, ಆಚೀಚೆಯ ಘಾಟ್ಕೋಪರ್, ಭಾಂಡುಪ್‌ನ ಚಾಳ್‌ಗಳಲ್ಲಿ ಹತ್ತಿಪ್ಪತ್ತು ಮಂದಿ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಕುಳಿತು ಯೇಸುವಿನ ಪ್ರಾರ್ಥನೆ ನಡೆಸುವುದು ಮುಂಬಯಿಗರಿಗೆ ಅಪರೂಪದ ದೃಶ್ಯವೇನಲ್ಲ. ಬಡವರ ನಡುವೆಯೇ ಮನೆ ಮಾಡಿ, ಅವರ ಭಾಷೆಯಲ್ಲೇ ಮಾತಾಡಿ ಸಭೆ ಕಟ್ಟುವ ಈ ರೀತಿಗೆ ಮಹಾನಗರದಲ್ಲಿ ಒಂದೂವರೆ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ವಿಕ್ರೋಳಿಯಿನ್ನೂ ಪಟ್ಟಣದಿಂದ ದೂರದ ಸಾಲ್ಸೆಟ್ ದ್ವೀಪದ ಹಳ್ಳಿಯಾಗಿದ್ದ ಆ ಕಾಲದಲ್ಲಿ ಮುಂಬಯಿ ಪೇಟೆಯ ಓಣಿಯಲ್ಲಿ ಹಾಗೆ ಬದುಕಿ ತೋರಿಸಿದವರು ಅಮೆರಿಕದ ಜಾರ್ಜ್ ಬೋವೆನ್. ಈ ನಗರದ ಕ್ರೈಸ್ತರು ಅವರನ್ನು ಸಂತನೆಂದೇ ಗೌರವಿಸಿದರು.

ಬೋವೆನ್ ಜನಿಸಿದ್ದು 1816ರಲ್ಲಿ, ಅಮೆರಿಕದ ವರ್ಮಾಂಟ್ ಸಂಸ್ಥಾನದ ಮಿಡಲ್‌ಬರಿಯಲ್ಲಿ. ತಂದೆ ಅನುಕೂಲಸ್ಥ ವ್ಯಾಪಾರಿ. ಕುಟುಂಬ ನ್ಯೂಯಾರ್ಕಿಗೆ ಬಂದು ನೆಲೆಸಿತು. ಶಾಲೆ ಬೇಗ ಬಿಟ್ಟು ತಂದೆಯ ವ್ಯಾಪಾರಕ್ಕೆ ಸೇರಿದ ಹುಡುಗನಿಗೆ ಲೆಕ್ಕದ ಪುಸ್ತಕಕ್ಕಿಂತ ಸಾಹಿತ್ಯ, ಸಂಗೀತಗಳೇ ಹೆಚ್ಚು ಹಿಡಿಸಿದವು. ಫ್ರೆಂಚ್, ಇಟಾಲಿಯನ್, ಸ್ಪ್ಯಾನಿಷ್, ಜರ್ಮನ್ ಹೀಗೆ ಒಂದೊಂದೇ ಭಾಷೆಯನ್ನು ಸ್ವಂತ ಪರಿಶ್ರಮದಿಂದ ಕಲಿತರು. ಯುರೋಪ್, ಈಜಿಪ್ಟ್ ಸುತ್ತಿ ಬಂದರು. ದೇವರಲ್ಲಿ ಮಾತ್ರ ನಂಬಿಕೆಯಿರಲಿಲ್ಲ. ಮುಂದೆ ಪಾದ್ರಿಯಾದ ಈ ಮನುಷ್ಯ ಇಪ್ಪತ್ತೆಂಟರ ಹರೆಯದವರೆಗೂ ಪಕ್ಕಾ ನಾಸ್ತಿಕರಾಗಿದ್ದರು.

ಈ ಬದುಕನ್ನು ತಿರುಗಿಸಿದ್ದು ಒಂದು ಸಾವು. ಅವರು ಪ್ರೀತಿಸಿದ್ದ ಎಮ್ಮಾ ಮಾರಿಸ್ ಎಂಬ ಯುವತಿ ಕ್ಷಯರೋಗದಿಂದ 1844ರಲ್ಲಿ ತೀರಿಕೊಂಡರು. ಸಾಯುವ ಮುನ್ನ ತನ್ನ ಬೈಬಲನ್ನು ಬೋವೆನ್‌ರಿಗೆ ಬಿಟ್ಟು, ದಿನವೂ ಓದಬೇಕೆಂದು ಬಯಸಿದ್ದರು. ನಂಬಿಕೆಯಿಲ್ಲದಿದ್ದರೂ ಕೊಟ್ಟ ಮಾತಿಗೆ ತಪ್ಪಬಾರದೆಂದು ಓದತೊಡಗಿದರು. ಅದೇ ದಿನಗಳಲ್ಲಿ ಗ್ರಂಥಾಲಯದಲ್ಲಿ ಬೇಡಿದ ಪುಸ್ತಕದ ಬದಲು ಕ್ರೈಸ್ತಧರ್ಮವನ್ನು ಸಮರ್ಥಿಸುವ ವಿಲಿಯಂ ಪೇಲಿಯ ಗ್ರಂಥ ಕೈಗೆ ಬಂತು. ಹಿಂದಿರುಗಿಸದೆ ಅದನ್ನೂ ಓದಿದರು. ಅದೇ ವರ್ಷ ಕ್ರೈಸ್ತ ವಿಶ್ವಾಸ ಸ್ವೀಕರಿಸಿ, ನ್ಯೂಯಾರ್ಕಿನ ಯೂನಿಯನ್ ಸೆಮಿನರಿಗೆ ಸೇರಿದರು.

1813ರಿಂದಲೇ ಮುಂಬಯಿಯಲ್ಲಿ ಕೆಲಸ ಮಾಡುತ್ತಿದ್ದ ಅಮೇರಿಕನ್ ಬೋರ್ಡ್ ಸಂಸ್ಥೆ ಅವರನ್ನು ಮಿಷನರಿಯಾಗಿ ಕಳುಹಿಸಿತು. 1847ರಲ್ಲಿ ಹಡಗು ಹತ್ತಿದ ಬೋವೆನ್ 1848ರ ಜನವರಿಯಲ್ಲಿ ಮುಂಬಯಿ ಬಂದರಿನಲ್ಲಿ ಇಳಿದರು. ಮೊದಲ ವರ್ಷವೇ ತೀವ್ರ ಕಾಯಿಲೆ ಬಿದ್ದು ಚೇತರಿಸಿಕೊಂಡರು. ಮರಾಠಿ ಕಲಿತು ಬೀದಿಗಳಲ್ಲಿ ನಿಂತು ಮಾತಾಡತೊಡಗಿದರು.

ಆದರೆ ಒಂದು ವಿಷಯ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಮಿಷನರಿಗೆ ಬಂಗಲೆಯುಂಟು, ಆಳುಗಳುಂಟು, ತಿಂಗಳ ಸಂಬಳವುಂಟು. ಬಿಸಿಲಲ್ಲಿ ನಿಂತು ಕೇಳುವ ಹಮಾಲನಿಗೆ ಈತ ಆಳುವ ಬಿಳಿಯರಲ್ಲಿ ಇನ್ನೊಬ್ಬ, ಅಷ್ಟೇ. ಎಲ್ಲವನ್ನೂ ಬಿಟ್ಟ ಕ್ರಿಸ್ತನ ಮಾತನ್ನು ಏನನ್ನೂ ಬಿಡದವನು ಹೇಳಿದರೆ ಯಾರು ನಂಬಬೇಕು? 1849ರಲ್ಲಿ ಬೋವೆನ್ ಸಂಬಳವನ್ನೇ ಬಿಟ್ಟರು. ದೇಶೀಯರ ವಸತಿಯ ಓಣಿಯಲ್ಲಿ ಅಗ್ಗದ ಕೋಣೆ ಹಿಡಿದರು. ಸ್ವಲ್ಪ ಹೊತ್ತು ಪಾಠ ಹೇಳಿ, ಬಂದ ಕೆಲವೇ ರೂಪಾಯಿಗಳಲ್ಲಿ ತಿಂಗಳು ಸಾಗಿಸಿದರು. ಸಂಜೆಯಾದರೆ ಮತ್ತೆ ಬೀದಿ ಪ್ರವಚನ. ಊರಿಂದ ಬರಿಗೈಯಲ್ಲಿ ಬಂದು ಕ್ಯಾಂಟೀನಿನಲ್ಲಿ ದುಡಿದು, ಹತ್ತು ಮಂದಿ ಒಂದು ಕೋಣೆಯಲ್ಲಿ ಮಲಗಿ ಬದುಕು ಕಟ್ಟಿದ ನಮ್ಮ ಹಿರಿಯರಿಗೆ ಇಂಥ ಕೋಣೆಯನ್ನು ವರ್ಣಿಸಿ ಹೇಳಬೇಕಿಲ್ಲ. ವ್ಯತ್ಯಾಸವೊಂದೇ, ಅವರದು ಅನಿವಾರ್ಯ, ಇವರದು ಸ್ವಂತ ಆಯ್ಕೆ.

ಫಲವೇನು? ಇಲ್ಲೇ ಬೋವೆನ್‌ರ ಕಥೆ ಸಾಮಾನ್ಯ ಸಂತಚರಿತ್ರೆಗಿಂತ ಬೇರೆಯಾಗುತ್ತದೆ. ತಾನು ಬಡವನಾಗಿ ಬಾಳಿದರೆ ಜನ ತನ್ನ ಮಾತಿಗೆ ಕಿವಿಗೊಡುತ್ತಾರೆಂದು ಅವರು ನಿರೀಕ್ಷಿಸಿದ್ದರು. ಹಾಗಾಗಲಿಲ್ಲ. ವರ್ಷಗಟ್ಟಲೆ ದಿನನಿತ್ಯ ಪ್ರವಚನ ಮಾಡಿದರೂ ಅವರಿಂದ ದೀಕ್ಷೆ ಪಡೆದವರು ಬೆರಳೆಣಿಕೆಯಷ್ಟು ಮಂದಿ. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಸನ್ಯಾಸಿ, ಫಕೀರರನ್ನು ತಲೆತಲಾಂತರದಿಂದ ಕಂಡ ನಾಡಿದು. ತ್ಯಾಗಿಯನ್ನು ಕಂಡರೆ ಇಲ್ಲಿ ಕೈಮುಗಿಯುತ್ತಾರೆ, ಹಾಗೆಂದು ತಮ್ಮ ದೇವರನ್ನು ಬಿಡುವುದಿಲ್ಲ. ತನ್ನ ನಿರೀಕ್ಷೆ ಹುಸಿಯಾದುದನ್ನು ಬೋವೆನ್ ಮರೆಮಾಚಲಿಲ್ಲ. ಹಾಗೆಯೇ ಸಂಬಳಕ್ಕೂ ಹಿಂದಿರುಗಲಿಲ್ಲ.

1854ರಿಂದ ಅವರು ‘ಬಾಂಬೆ ಗಾರ್ಡಿಯನ್’ ಪತ್ರಿಕೆಯ ಸಂಪಾದಕರಾದರು. ಮೂರು ದಶಕಗಳಿಗೂ ಮಿಕ್ಕಿ, ಕೊನೆಯವರೆಗೂ, ಆ ಹೊಣೆ ಅವರದೇ. ಕರಪತ್ರ ಸಂಘದ ಕೆಲಸವನ್ನೂ ವಹಿಸಿಕೊಂಡು ಅದರ ಪುಸ್ತಕ ಭಂಡಾರದ ಕಟ್ಟಡದಲ್ಲೇ ಸರಳವಾಗಿ ವಾಸವಾಗಿದ್ದರು.

ಸಭೆ ಕಟ್ಟುವ ಭಾಗ್ಯ ಬಂದದ್ದು ಅರುವತ್ತರ ಅಂಚಿನಲ್ಲಿ. ಕ್ಯಾಲಿಫೋರ್ನಿಯಾದ ಬೀದಿಗಳಲ್ಲಿ ಪ್ರವಚನ ಮಾಡಿ ಹೆಸರಾಗಿದ್ದ ವಿಲಿಯಂ ಟೇಲರ್ 1871ರ ಕೊನೆಗೆ ಮುಂಬಯಿಗೆ ಬಂದರು. ಪ್ರಾರ್ಥನಾಮಂದಿರ ಕಟ್ಟುವವರೆಗೆ ಕಾಯದೆ ಮನೆಮನೆಗಳಲ್ಲಿ ಸಣ್ಣ ಸಣ್ಣ ಗುಂಪು ಸೇರಿಸಿ ಪ್ರಾರ್ಥನೆ ನಡೆಸುವುದು ಟೇಲರ್ ಕ್ರಮ. ಪಾದ್ರಿಯ ಖರ್ಚನ್ನು ಸಭೆಯವರೇ ಹೊರಬೇಕು, ಅಮೆರಿಕದ ದುಡ್ಡಿಗೆ ಕೈಚಾಚಬಾರದು ಎಂಬುದು ಅವರ ಇನ್ನೊಂದು ನಿಯಮ. ಇಪ್ಪತ್ತೆರಡು ವರ್ಷಗಳಿಂದ ಒಬ್ಬಂಟಿಯಾಗಿ ಇದನ್ನೇ ಪಾಲಿಸುತ್ತಿದ್ದ ಬೋವೆನ್‌ರಿಗೆ ಕೊನೆಗೂ ಜೊತೆಗಾರ ಸಿಕ್ಕಂತಾಯಿತು. 1872ರಲ್ಲಿ ಮುಂಬಯಿಯ ಮೆಥೋಡಿಸ್ಟ್ ಸಭೆ ರೂಪುಗೊಂಡಿತು. ಮೊದಲ ಸದಸ್ಯರಲ್ಲಿ ಬಹುಪಾಲು ಇಂಗ್ಲಿಷ್ ಮಾತಾಡುವ ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರು. ಓಣಿಯ ಬಡವರಿಗಾಗಿ ಬಂದವರಿಗೆ ಇದು ಅರ್ಧ ಗೆಲುವಷ್ಟೇ ಎನ್ನಬಹುದು. ಟೇಲರ್ 1875ರಲ್ಲಿ ಭಾರತ ಬಿಟ್ಟರು. ಆ ಸಭೆಯನ್ನು ಸೇರಿದ್ದ ಬೋವೆನ್ ಇಲ್ಲೇ ಉಳಿದು ಅದನ್ನು ಪೋಷಿಸಿದರು. ಮರಾಠಿ ಪ್ರವಚನವನ್ನೂ ನಿಲ್ಲಿಸಲಿಲ್ಲ.

ನಮ್ಮವರು ನೇಮ, ಜಾತ್ರೆ, ಮದುವೆಯೆಂದು ವರ್ಷಕ್ಕೊಮ್ಮೆಯಾದರೂ ಊರಿನ ಮುಖ ನೋಡುತ್ತಾರೆ. ಬೋವೆನ್ ನಲುವತ್ತು ವರ್ಷಗಳಲ್ಲಿ ಒಮ್ಮೆಯೂ ತಾಯ್ನಾಡಿಗೆ ಹೋಗಲಿಲ್ಲ. ಮದುವೆಯನ್ನೂ ಆಗಲಿಲ್ಲ. 1888ರ ಫೆಬ್ರವರಿ 5ರಂದು ಮುಂಬಯಿಯಲ್ಲೇ ನಿಧನರಾದರು. ಕೊಲಾಬಾದಲ್ಲಿರುವ ಬೋವೆನ್ ಮೆಮೋರಿಯಲ್ ಮೆಥೋಡಿಸ್ಟ್ ಚರ್ಚ್ ಅವರ ಹೆಸರನ್ನು ಉಳಿಸಿಕೊಂಡಿದೆ. ಬೀದರ್, ಕಲಬುರ್ಗಿ, ಕೋಲಾರಗಳಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಮೆಥೋಡಿಸ್ಟ್ ಸಭೆಗಳೂ ಇದೇ ಪರಂಪರೆಗೆ ಸೇರಿದವು.