ನಾವಿಕ ವಿದ್ವಾಂಸ ಅಹ್ಮದ್ ಇಬ್ನು ಮಾಜಿದ್

ಹಜ್ಜ್ ಯಾತ್ರೆಯೆಂದರೆ ಇಂದು ನಮಗೆ ಕೆಲವು ಗಂಟೆಗಳ ವಿಮಾನ ಪ್ರಯಾಣ. 1995ರವರೆಗೆ ಮುಂಬಯಿಯಿಂದ ಜಿದ್ದಾಕ್ಕೆ ಹಡಗುಗಳಿದ್ದವು. ಆ ಹಡಗಿನಲ್ಲಿ ಹೋಗಿ ಬಂದ ಹಿರಿಯರು ಕೆಲವು ಮನೆಗಳಲ್ಲಿ ಇನ್ನೂ ಇದ್ದಾರೆ. ಆದರೆ ಅದು ಯಂತ್ರದ ಹಡಗು. ಅದಕ್ಕೂ ಹಿಂದೆ, ಹಾಯಿ ಬಿಚ್ಚಿ ಗಾಳಿಯನ್ನು ನಂಬಿ ಹೊರಟ ಹಾಜಿಗಳ ಪಾಲಿಗೆ ದಾರಿಯ ಅತ್ಯಂತ ಭಯದ ಘಳಿಗೆ ನಡುಗಡಲಲ್ಲಿರಲಿಲ್ಲ. ಅದು ಜಿದ್ದಾ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಎದುರಾಗುತ್ತಿತ್ತು.

ಜಿದ್ದಾದ ಮುಂದಿನ ಸಮುದ್ರದಲ್ಲಿ ಹವಳದ ಬಂಡೆಗಳ ಸಾಲುಗಳಿವೆ. ಕೆಲವು ನೀರಿನಿಂದ ಕೇವಲ ಒಂದೆರಡು ಅಡಿ ಕೆಳಗಿವೆ. ಅವುಗಳ ನಡುವೆ ಹಾವಿನಂತೆ ಬಳುಕುವ ಕಿರಿದಾದ ಕಾಲುದಾರಿ. 1183ರಲ್ಲಿ ಅಂದಲೂಸಿನಿಂದ ಹಜ್ಜ್‌ಗೆ ಬಂದ ಇಬ್ನು ಜುಬೈರ್, ಈ ಬಂಡೆಗಳ ಸಂದಿಯಲ್ಲಿ ನಾವಿಕರು ದೋಣಿಯನ್ನು ತಿರುಗಿಸಿ ತೂರಿಸಿದ ಚಾತುರ್ಯವನ್ನು ಕಂಡು ಬೆರಗಾಗಿ ತಮ್ಮ ಪ್ರವಾಸಕಥನದಲ್ಲಿ ಬರೆದಿಟ್ಟಿದ್ದಾರೆ. ಕೆಂಪು ಸಮುದ್ರದ ಕರಾವಳಿಯಲ್ಲಿ ರಾತ್ರಿ ಹಡಗು ನಡೆಸುವ ಕ್ರಮವೇ ಇರಲಿಲ್ಲ. ಸಂಜೆಯಾಗುತ್ತಲೇ ಲಂಗರು, ಬೆಳಗಾದ ಮೇಲೆ ಪಯಣ.

ಇಂತಹ ಸಮುದ್ರದ ವಿದ್ಯೆಯನ್ನೇ ಕುಲವಿದ್ಯೆಯಾಗಿ ಪಡೆದ ಮನೆತನವೊಂದರಲ್ಲಿ ಶಿಹಾಬುದ್ದೀನ್ ಅಹ್ಮದ್ ಇಬ್ನು ಮಾಜಿದ್ ಜನಿಸಿದರು. ಊರು ಜುಲ್ಫಾರ್. ಇಂದಿನ ಯು.ಎ.ಇ.ಯ ರಾಸ್ ಅಲ್ ಖೈಮಾ ಪ್ರದೇಶ. ಹುಟ್ಟಿದ್ದು ಸುಮಾರು 1432ರಲ್ಲಿ ಎಂದು ಹೆಚ್ಚಿನ ವಿದ್ವಾಂಸರ ಅಂದಾಜು. ತಂದೆಯೂ ಅಜ್ಜನೂ ಮುಅಲ್ಲಿಮರು. ನಮ್ಮಲ್ಲಿ ಮುಅಲ್ಲಿಮ್ ಎಂದರೆ ಮದ್ರಸದ ಉಸ್ತಾದ್ ತಾನೇ ನೆನಪಾಗುವುದು? ಹಿಂದೂ ಮಹಾಸಾಗರದ ನಾವಿಕರ ಮಾತಿನಲ್ಲಿ ಮುಅಲ್ಲಿಮ್ ಎಂದರೆ ಹಡಗಿಗೆ ದಾರಿ ತೋರಿಸುವವನು. ಹಡಗಿನ ಒಡೆಯ ಬೇರೆ, ಸರಕಿನ ಸಾಹುಕಾರ ಬೇರೆ. ಆದರೆ ಹಡಗಿನಲ್ಲಿದ್ದ ಎಲ್ಲರ ಜೀವವೂ ಮುಅಲ್ಲಿಮನ ಅರಿವಿನ ಮೇಲೆ ನಿಂತಿತ್ತು. ಕಲಿಸುವವನಿಗೂ ದಾರಿ ತೋರುವವನಿಗೂ ಒಂದೇ ಹೆಸರಿಟ್ಟ ಆ ಭಾಷೆಯ ಸೂಕ್ಷ್ಮವನ್ನು ಮೆಚ್ಚಲೇಬೇಕು.

ತಂದೆ ಕೆಂಪು ಸಮುದ್ರದ ದಾರಿಯ ಬಗ್ಗೆ ಸಾವಿರಕ್ಕೂ ಮಿಕ್ಕಿದ ಸಾಲುಗಳ ಒಂದು ಪದ್ಯ ರಚಿಸಿದ್ದರು. ಅದೇಕೆ ಪದ್ಯ ಎಂದರೆ, ಬಾಯಿಪಾಠಕ್ಕೆ. ಬಿರುಗಾಳಿಯ ರಾತ್ರಿಯಲ್ಲಿ ದೀಪ ಆರಿದಾಗ ಪುಸ್ತಕ ತೆರೆಯಲಾಗದು. ಎದೆಯಲ್ಲಿದ್ದ ಪದ್ಯ ಮಾತ್ರ ನೆರವಿಗೆ ಬರುತ್ತದೆ. ಇಬ್ನು ಮಾಜಿದ್ ಕೂಡ ತಮ್ಮ ಅನೇಕ ಕೃತಿಗಳನ್ನು ಪದ್ಯದಲ್ಲೇ ಬರೆದರು. ಅವುಗಳಲ್ಲಿ ಹೆಸರಾದ ಹಾವಿಯಾ 1462ರದು. ಆಗ ಅವರಿಗೆ ಮೂವತ್ತರ ಆಸುಪಾಸು. ಬೇರೆ ಬೇರೆ ನಾಡುಗಳಿಂದ ಕಿಬ್ಲದ ದಿಕ್ಕನ್ನು ಕಂಡುಕೊಳ್ಳುವ ಬಗೆಯನ್ನೂ ಅವರು ಪದ್ಯವಾಗಿಸಿದ್ದಾರೆ.

ಆದರೆ ತಂದೆಯ ಮೇಲಿನ ಗೌರವ ಅವರ ಕಣ್ಣು ಕಟ್ಟಲಿಲ್ಲ. ತಂದೆ, ಅಜ್ಜ ಬರೆದುದನ್ನು ಸಮುದ್ರಕ್ಕೆ ಒಯ್ದು ಒರೆಗೆ ಹಚ್ಚಿದರು. ಸರಿಯಾದುದನ್ನು ಉಳಿಸಿದರು, ತಪ್ಪಿದ್ದಲ್ಲಿ ತಿದ್ದಿದರು. ತಮ್ಮದೇ ಹಳೆಯ ಕೃತಿಗಳನ್ನೂ ಅನುಭವ ಹೆಚ್ಚಿದಂತೆ ಪರಿಷ್ಕರಿಸಿದರು. ಅವರಿಗಿಂತ ಮೂರು ಶತಮಾನ ಹಿಂದಿನ ಮೂವರು ಬರಹಗಾರರನ್ನು ನಾವಿಕಲೋಕ ಸಿಂಹಗಳೆಂದು ಕೊಂಡಾಡುತ್ತಿತ್ತು. ಇಬ್ನು ಮಾಜಿದ್ ಅವರನ್ನು ಗೌರವದಿಂದಲೇ ಸ್ಮರಿಸುತ್ತಾ, ಅವರು ಬರೆದುದರಲ್ಲಿ ಬಹುಪಾಲು ಕೇಳಿ ಸಂಗ್ರಹಿಸಿದ್ದೇ ಹೊರತು ಸ್ವತಃ ಪರೀಕ್ಷಿಸಿದ್ದಲ್ಲವೆಂದು ತೋರಿಸಿದರು. ತಮ್ಮನ್ನು ನಾಲ್ಕನೆಯ ಸಿಂಹವೆಂದು ಕರೆದುಕೊಳ್ಳಲೂ ಅವರು ಹಿಂಜರಿಯಲಿಲ್ಲ. ವಿನಯದ ದೃಷ್ಟಿಯಿಂದ ಇದು ಸ್ವಲ್ಪ ಹೆಚ್ಚಾಯಿತೆಂದೇ ನನಗೆ ತೋರುತ್ತದೆ. ಆದರೂ ಹೇಳಿದ ಮಾತು ಸುಳ್ಳಾಗಿರಲಿಲ್ಲ.

1490ರ ಸುಮಾರಿಗೆ, ಹಿಜರಿ 895ರಲ್ಲಿ, ಅವರ ಮಹಾಗ್ರಂಥ ಕಿತಾಬುಲ್ ಫವಾಇದ್ ಸಿದ್ಧವಾಯಿತು. ಇದು ಗದ್ಯ, ಹನ್ನೆರಡು ಭಾಗಗಳು. ಚಂದ್ರನ 28 ಮಂಝಿಲ್‌ಗಳು, ದಿಕ್ಸೂಚಿಯ 32 ದಿಕ್ಕುಗಳು, ನಕ್ಷತ್ರಗಳು, ಗಾಳಿಯ ಋತುಗಳು, ದ್ವೀಪಗಳು, ಕೊನೆಗೆ ಕೆಂಪು ಸಮುದ್ರದ ವಿವರ. ಕತ್ತಲಲ್ಲಿ ನೆಲ ಜಲಗಳ ದಾರಿ ಕಾಣಲೆಂದು ನಕ್ಷತ್ರಗಳನ್ನು ಉಂಟುಮಾಡಿದ ಅಲ್ಲಾಹನ ಅನುಗ್ರಹದ ಪ್ರಸ್ತಾಪ ಕುರ್‌ಆನಿನ ಅನ್‌ಆಮ್ ಅಧ್ಯಾಯದಲ್ಲಿದೆ. ನಾವು ಅದನ್ನು ಓದಿ ಮುಂದೆ ಹೋಗುತ್ತೇವೆ. ಇಬ್ನು ಮಾಜಿದ್ ಆ ನಕ್ಷತ್ರಗಳನ್ನು ಬೆರಳಿನಲ್ಲಿ ಅಳೆದರು!

ಇದು ಅಲಂಕಾರದ ಮಾತಲ್ಲ. ದಾರ ಕಟ್ಟಿದ ಒಂದು ಸಣ್ಣ ಮರದ ಹಲಗೆ. ಅದರ ಕೆಳ ಅಂಚು ದಿಗಂತಕ್ಕೂ ಮೇಲಂಚು ಧ್ರುವನಕ್ಷತ್ರಕ್ಕೂ ತಾಗುವಂತೆ ಹಿಡಿದರೆ ನಕ್ಷತ್ರದ ಎತ್ತರ ತಿಳಿಯುತ್ತದೆ. ಅಳತೆಯ ಹೆಸರು ಇಸ್ಬಅ್, ಅಂದರೆ ಬೆರಳು. ಒಂದು ಬೆರಳು ಒಂದೂವರೆ ಡಿಗ್ರಿಗಿಂತ ತುಸು ಹೆಚ್ಚು. ಉತ್ತರಕ್ಕೆ ಹೋದಂತೆ ಧ್ರುವ ಏರುತ್ತದೆ, ದಕ್ಷಿಣಕ್ಕೆ ಬಂದಂತೆ ಇಳಿಯುತ್ತದೆ. ಮಂಗಳೂರಿನ ಎದುರು ಅದರ ಎತ್ತರ ಸುಮಾರು 13 ಡಿಗ್ರಿ, ಜಿದ್ದಾದಲ್ಲಿ ಇಪ್ಪತ್ತೊಂದೂವರೆ. ತಾನು ಸೇರಬೇಕಾದ ಬಂದರಿನ ಎತ್ತರ ಸಿಗುವವರೆಗೆ ನಾವಿಕ ಉತ್ತರ ದಕ್ಷಿಣ ಸರಿದು, ಬಳಿಕ ಅದೇ ಎತ್ತರ ಕಾಯ್ದುಕೊಂಡು ತೀರದತ್ತ ತಿರುಗುತ್ತಿದ್ದ. ಅಳತೆಯಲ್ಲಿ ಅರ್ಧ ಬೆರಳು ತಪ್ಪಿದರೆ ತೀರದಲ್ಲಿ ಸುಮಾರು 90 ಕಿಲೋಮೀಟರ್ ತಪ್ಪುತ್ತದೆ. ಅಂದಿನ ಧ್ರುವನಕ್ಷತ್ರ ನಿಜವಾದ ಧ್ರುವಬಿಂದುವಿನಿಂದ ಮೂರೂವರೆ ಡಿಗ್ರಿಯಷ್ಟು ದೂರವಿದ್ದುದರಿಂದ, ರಾತ್ರಿಯ ಯಾವ ಹೊತ್ತಿನಲ್ಲಿ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕೆಂಬ ಲೆಕ್ಕವೂ ಬೇಕಿತ್ತು.

ಅಷ್ಟಾದರೂ ನಕ್ಷತ್ರ ಬಂದರಿನ ಬಾಗಿಲವರೆಗೆ ಮಾತ್ರ ತಂದು ಬಿಡುತ್ತದೆ. ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಅದು ಹೇಳದು. ಅಲ್ಲಿಂದ ಮುಂದೆ ಬೇರೆ ಗುರುತುಗಳು ಬೇಕು. ನೀರಿನ ಬಣ್ಣ ಬದಲಾಗುವುದು, ಹಕ್ಕಿಗಳು, ತೇಲುವ ಪಾಚಿ, ಸೀಸದ ಗುಂಡು ಇಳಿಬಿಟ್ಟಾಗ ಅದಕ್ಕೆ ಅಂಟಿ ಬರುವ ಕೆಸರು ಅಥವಾ ಮರಳು, ಭಾರತದ ಪಶ್ಚಿಮ ತೀರ ಸಮೀಪಿಸಿದಾಗ ನೀರಿನಲ್ಲಿ ಕಾಣುವ ಹಾವುಗಳು. ಇವೆಲ್ಲವನ್ನೂ ಬರೆದಿಟ್ಟ ದಾರಿಪುಸ್ತಕಕ್ಕೆ ರಹ್ಮಾನಿ ಎಂದು ಹೆಸರು. ಆ ಕಾಲದ ಅರಬ್ ನಾವಿಕರ ನಕ್ಷೆಗಳು ನಮಗೆ ಉಳಿದು ಬಂದಿಲ್ಲ. ಉಳಿದಿರುವುದು ಈ ಪುಸ್ತಕಗಳೇ.

ಇನ್ನು ಉಬ್ಬರ ಇಳಿತ. ಇದರ ಲೆಕ್ಕ ನಮ್ಮ ಹಿಜರಿ ತಿಂಗಳಿನೊಂದಿಗೇ ನಡೆಯುತ್ತದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಮರುದಿನಗಳಲ್ಲಿ ಉಬ್ಬರ ಅತಿ ಎತ್ತರ, ಇಳಿತ ಅತಿ ಆಳ. ಚಂದ್ರ ಅರ್ಧವಾಗುವ ಎಂಟು, ಇಪ್ಪತ್ತೆರಡರ ಸುಮಾರಿಗೆ ಎರಡೂ ಸಾಧಾರಣ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಚಂದ್ರಮಾನ ತಾರೀಕು ಬಲ್ಲವನಿಗೆ, ತಾನು ಹೋಗುವ ಬಂದರಿನ ಒಂದು ದಿನದ ಉಬ್ಬರದ ಹೊತ್ತು ಗೊತ್ತಿದ್ದರೆ ಉಳಿದ ದಿನಗಳದನ್ನು ಎಣಿಸಬಹುದು.

ಆದರೆ ಎಲ್ಲ ಬಂದರಿಗೂ ಒಂದೇ ಲೆಕ್ಕ ಹೊಂದದು. ಜಿದ್ದಾದಲ್ಲಿ ನೀರಿನ ಏರಿಳಿತ ಒಂದು ಗೇಣಿನ ಸುತ್ತಮುತ್ತ. ಅಲ್ಲಿ ಉಬ್ಬರ ಕಾದು ಪ್ರಯೋಜನವಿಲ್ಲ, ಕಣ್ಣೇ ಗತಿ. ಸೂರ್ಯ ಬೆನ್ನ ಹಿಂದಿದ್ದಾಗ ಬಂಡೆಯ ಮೇಲಿನ ನೀರು ತಿಳಿಹಸಿರಾಗಿ, ಆಳದ ನೀರು ಕಡುನೀಲಿಯಾಗಿ ಕಾಣುತ್ತದೆ. ಖಂಬಾತ್ ಕೊಲ್ಲಿಯಲ್ಲಿ ಇದಕ್ಕೆ ತೀರಾ ವಿರುದ್ಧ. ಅಲ್ಲಿ ನೀರು ಹತ್ತು ಮೀಟರಿನಷ್ಟು ಏರುತ್ತದೆ, ಇಳಿಯುತ್ತದೆ. ಇಳಿತದಲ್ಲಿ ಹಡಗುಗಳು ಕೆಸರಿನ ಮೇಲೆ ಕುಳಿತು, ಉಬ್ಬರ ಬಂದಾಗ ತೇಲುವುದನ್ನು ಇಬ್ನು ಬತೂತ ಕಂಡು ಬರೆದಿದ್ದಾರೆ. ಅರಬರು ಮಂಜರೂರ್, ಹಿನೌರ್ ಎಂದು ಕರೆದ ನಮ್ಮ ಮಂಗಳೂರು, ಹೊನ್ನಾವರಗಳು ಇವೆರಡರ ನಡುವಿನವು. ಏರಿಳಿತ ಒಂದೂವರೆ, ಎರಡು ಮೀಟರಿನೊಳಗೆ. ಆದರೆ ಬಂದರು ನದಿಯೊಳಗೆ, ಅಳಿವೆಯಲ್ಲಿ ಮರಳ ದಿಬ್ಬ. ಮಳೆಗಾಲ ಕಳೆದರೆ ದಿಬ್ಬ ಹೋದ ವರ್ಷ ಇದ್ದಲ್ಲಿರುವುದಿಲ್ಲ. ಇಳಿತದಲ್ಲಿ ಹೊರಹೊಮ್ಮುವ ನದಿನೀರು ಕಡಲಿನ ತೆರೆಗೆ ಎದುರಾದಾಗ ಅಳಿವೆಬಾಯಿ ಕುದಿಯುತ್ತದೆ. ಅಮಾವಾಸ್ಯೆಯ ತುಂಬು ಉಬ್ಬರದಲ್ಲಿ ದಿಬ್ಬಕ್ಕೆ ಹತ್ತಿದ ಹಡಗನ್ನು ಎತ್ತಲು ಅಷ್ಟೇ ಎತ್ತರದ ನೀರು ಬರಬೇಕಾದರೆ ಹುಣ್ಣಿಮೆಯವರೆಗೆ ಕಾಯಬೇಕು. ಅಷ್ಟರಲ್ಲಿ ಹಲಗೆ ಉಳಿದರೆ ಪುಣ್ಯ. ಹೀಗಾಗಿ ಸರಿಯಾದ ಮುಅಲ್ಲಿಮನು ಕತ್ತಲಲ್ಲಿ ಪರಿಚಯವಿಲ್ಲದ ಅಳಿವೆಯ ಮುಂದೆ ಬಂದರೆ ಹಾಯಿ ಇಳಿಸಿ ಆಳದಲ್ಲೇ ನಿಲ್ಲುತ್ತಿದ್ದ. ವ್ಯಾಪಾರಿಗಳು ಗೊಣಗಿದರೆ ಗೊಣಗಲಿ.

ಮುಅಲ್ಲಿಮರಲ್ಲಿ ಮೂರು ತರವೆಂದು ಇಬ್ನು ಮಾಜಿದ್ ವಿಂಗಡಿಸಿದ್ದಾರೆ. ಅದೃಷ್ಟದ ಮೇಲೆ ಹೋಗುವವನು ಮೊದಲನೆಯವನು. ಒಮ್ಮೆ ತಲುಪುತ್ತಾನೆ, ಒಮ್ಮೆ ಮುಳುಗುತ್ತಾನೆ. ಎರಡನೆಯವನು ತಾನು ಓಡಾಡಿದ ದಾರಿಯನ್ನು ಚೆನ್ನಾಗಿ ಬಲ್ಲವನು, ಅದರಾಚೆ ಕಾಣದವನು. ಕಾಣದ ಸಮುದ್ರವನ್ನೂ ಶಾಸ್ತ್ರದಿಂದ ಅರಿತು, ಸತ್ತ ಮೇಲೂ ಉಪಯೋಗಕ್ಕೆ ಬರುವಂತೆ ಬರೆದಿಡುವವನು ಮೂರನೆಯವನು. ಹಡಗು ನೆಲದ ಮೇಲಿರುವಾಗಲೇ ಅದರ ದೋಷಗಳನ್ನು ನೋಡಿಕೊಳ್ಳಬೇಕು, ನಿದ್ದೆ ಕಡಿಮೆ ಮಾಡಬೇಕು, ಚುಕ್ಕಾಣಿ ಹಿಡಿದವನ ಮೇಲೆ ಕಣ್ಣಿಟ್ಟಿರಬೇಕು, ಕಡಲ ಮೇಲೆ ಶುದ್ಧಿಯಿಂದಲೂ ದೇವಸ್ಮರಣೆಯಿಂದಲೂ ಇರಬೇಕೆಂಬುದು ಅವರ ಉಪದೇಶ. ಒಂಟೆ ಕಟ್ಟಿದ ಮೇಲೆ ತವಕ್ಕುಲ್ ಎಂಬ ಪಾಠ ಕಲಿತ ನಮಗೆ ಇದರಲ್ಲಿ ವಿರೋಧವೇನೂ ಕಾಣದು.

ಇಂತಹ ವ್ಯಕ್ತಿಯ ಮೇಲೆ ಒಂದು ಅಪವಾದ ಅಂಟಿಕೊಂಡಿತು. 1498ರ ಏಪ್ರಿಲ್ 24ರಂದು ಮಾಲಿಂದಿಯಿಂದ ಹೊರಟು ವಾಸ್ಕೋ ಡ ಗಾಮ ಮೇ 20ರಂದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ಅವನಿಗೆ ದಾರಿ ತೋರಿದವರು ಇಬ್ನು ಮಾಜಿದ್, ಅದೂ ಮದ್ಯದ ಅಮಲಿನಲ್ಲಿ ಎಂದು ಮಕ್ಕಾದ ಇತಿಹಾಸಕಾರ ಕುತ್ಬುದ್ದೀನ್ ನಹ್ರವಾಲಿ 70 ವರ್ಷಗಳಿಗೂ ಹೆಚ್ಚು ಕಾಲದ ನಂತರ ಬರೆದರು. 1920ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಫೆರಾನ್ ಇದನ್ನು ಒಪ್ಪಿಕೊಂಡದ್ದರಿಂದ ಅದು ಪಠ್ಯಪುಸ್ತಕಗಳವರೆಗೂ ಹಬ್ಬಿತು. ಆದರೆ ಪೋರ್ಚುಗೀಸ್ ಇತಿಹಾಸಕಾರ ಬಾರೋಸ್, ಹಡಗೇರಿದವನು ಗುಜರಾತಿನ ಮುಸ್ಲಿಮನೆಂದೂ ಮಾಲೆಮೊ ಕಾನಾ ಅವನ ಹೆಸರೆಂದೂ ಬರೆದಿದ್ದಾನೆ. ಮಾಲೆಮೊ ಎಂದರೆ ಮುಅಲ್ಲಿಮ್, ಯಾವ ನಾವಿಕನಿಗೂ ಸಲ್ಲುವ ಬಿರುದು. ಫವಾಇದ್ ಗ್ರಂಥವನ್ನು ಇಂಗ್ಲಿಷಿಗೆ ತಂದ ಟಿಬೆಟ್ಸ್ 1971ರಲ್ಲೇ ಈ ಕಥೆಯನ್ನು ತಳ್ಳಿಹಾಕಿದರು. ಜೀವನವಿಡೀ ಪರೀಕ್ಷಿಸದೆ ಒಂದು ಸಾಲನ್ನೂ ಒಪ್ಪದವರ ಬಗ್ಗೆ, ಪರೀಕ್ಷಿಸದ ಸುದ್ದಿಯನ್ನು ನಾವೇ ನಾಲ್ಕು ಶತಮಾನ ಹೊತ್ತು ತಿರುಗಿದೆವು. ದುಷ್ಟನೊಬ್ಬ ಸುದ್ದಿ ತಂದರೆ ಅದನ್ನು ಪರಿಶೀಲಿಸಬೇಕೆಂಬ ಆಜ್ಞೆ ಹುಜುರಾತ್ ಅಧ್ಯಾಯದಲ್ಲಿದ್ದೂ!

ತಾರೀಕು ಇರುವ ಅವರ ಕೊನೆಯ ಪದ್ಯ 1500ರದು. ಅನಂತರ ಅವರ ಸುಳಿವಿಲ್ಲ. 1554ರಲ್ಲಿ ಅಹಮದಾಬಾದಿನಲ್ಲಿ ಉಳಿದಿದ್ದ ತುರ್ಕಿ ನೌಕಾಧಿಪತಿ ಸೀದಿ ಅಲಿ ರಈಸ್, ಅವರ ಕೃತಿಗಳನ್ನೂ ಸುಲೈಮಾನ್ ಅಲ್ ಮಹ್ರಿಯವರ ಕೃತಿಗಳನ್ನೂ ಆಧರಿಸಿ ಮುಹೀತ್ ಎಂಬ ಗ್ರಂಥ ಬರೆದರು. 1854ರಲ್ಲಿ ಏಡನ್‌ನಿಂದ ಹೊರಟ ರಿಚರ್ಡ್ ಬರ್ಟನ್, ದಿಕ್ಸೂಚಿಯನ್ನು ಕಂಡುಹಿಡಿದವರೆಂದು ನಂಬಲಾದ ಶೈಖ್ ಮಾಜಿದರ ಹೆಸರಿನಲ್ಲಿ ಫಾತಿಹಾ ಓದುವುದನ್ನು ಕಂಡು ದಾಖಲಿಸಿದ್ದಾನೆ. ದಿಕ್ಸೂಚಿ ಅವರ ಶೋಧನೆಯಲ್ಲ, ಅವರಿಗಿಂತ ಇನ್ನೂರು ವರ್ಷ ಹಿಂದಿನ ಅರಬಿ ಬರಹದಲ್ಲೇ ಅದರ ಉಲ್ಲೇಖವಿದೆ. ಆದರೆ ಹಗ್ಗ ಬಿಚ್ಚುವ ಮೊದಲು ಮುನ್ನೂರೈವತ್ತು ವರ್ಷ ಹಳೆಯ ಒಬ್ಬ ಮುಅಲ್ಲಿಮನಿಗಾಗಿ ಆ ನಾವಿಕರು ಕೈಯೆತ್ತುತ್ತಿದ್ದರು.