ಕೇರಿಗೆ ನಡೆದುಹೋದ ತಾಯಿ



ಇಂದು ನಿಮ್ಮ ಊರಿನಲ್ಲಿ ಶಾಲೆ ಉಂಟು, ಅಂಗನವಾಡಿ ಉಂಟು, ಮನೆಬಾಗಿಲಿಗೆ ಬಂದು ಬಾಣಂತಿಯ ಯೋಗಕ್ಷೇಮ ಕೇಳುವ ಆಶಾ ಕಾರ್ಯಕರ್ತೆ ಉಂಟು. ನಿಮ್ಮ ಮೊಮ್ಮಗಳು ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೋಗುವುದನ್ನು ಕಟ್ಟೆಯ ಮೇಲೆ ಕುಳಿತು ಕಣ್ತುಂಬ ನೋಡುತ್ತೀರಿ. ಆದರೆ ನೂರೆಪ್ಪತ್ತು ವರುಷಗಳ ಹಿಂದೆ ಹೆಣ್ಣುಮಗುವಿಗೆ ಅಕ್ಷರ ಕಲಿಸುವುದು ಕುಲಗೇಡಿನ ಕೆಲಸವೆನಿಸಿತ್ತು. ಆ ಕೆಲಸಕ್ಕೆ ಹೊರಟು, ದಾರಿಯಲ್ಲಿ ಸೆಗಣಿಯ ಏಟು ತಿಂದು, ಕೊನೆಗೆ ರೋಗಿಯೊಬ್ಬನನ್ನು ಹೊತ್ತು ತಂದು ಪ್ರಾಣವನ್ನೇ ಬಿಟ್ಟ ಸಾವಿತ್ರಿಬಾಯಿ ಫುಲೆ ಎಂಬ ಮಹಾತಾಯಿಯ ಚರಿತ್ರೆಯನ್ನು ಈ ವಾರ ನಿಮ್ಮ ಮುಂದಿಡಲು ಬಯಸುತ್ತೇವೆ. ಅವರ ಹೆಸರನ್ನು ಶಾಲೆಯ ಗೋಡೆಯ ಮೇಲೆ ಓದಿದವರು ಬಹಳ. ಅವರು ಏನು ಮಾಡಿದರೆಂದು ಬಲ್ಲವರು ಕಡಿಮೆ.

ಸಾವಿತ್ರಿಬಾಯಿಯವರು ಜನಿಸಿದ್ದು 1831ರ ಜನವರಿ 3ರಂದು, ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ನಾಯಗಾಂವ ಎಂಬ ಹಳ್ಳಿಯಲ್ಲಿ. ತಂದೆ ಖಂಡೋಜಿ ನೇವಸೆ ಪಾಟೀಲರು. ಹೂವು, ಕಾಯಿಪಲ್ಲೆ ಬೆಳೆಯುವ ಮಾಳಿ ಸಮಾಜ. 1840ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಪುಣೆಯ ಜ್ಯೋತಿರಾವ್ ಫುಲೆಯವರೊಡನೆ ವಿವಾಹವಾಯಿತು. ವರನಿಗೆ ಹದಿಮೂರು. ಅಂದಿನ ಪದ್ಧತಿ ಹಾಗಿತ್ತು. ಗಂಡನ ಮನೆಗೆ ಬಂದಾಗ ಅವರಿಗೆ ಒಂದು ಅಕ್ಷರವೂ ಬಾರದು. ಗಂಡನೇ ಗುರುವಾಗಿ ಕಲಿಸಿದರು, ಹೆಂಡತಿ ಶ್ರದ್ಧೆಯಿಂದ ಕಲಿತರು. ಮುಂದೆ ಶಿಕ್ಷಕಿಯರ ತರಬೇತಿಯನ್ನೂ ಪಡೆದರು. ಕಲಿತ ಹೆಂಡತಿ ಮನೆಗೆ ಕೇಡು ಎಂದು ನಂಬಿದ್ದ ಕಾಲದಲ್ಲಿ ಈ ದಂಪತಿಗಳ ಮನೆಯೇ ಪಾಠಶಾಲೆಯಾಯಿತು.

1848ರಲ್ಲಿ ಪುಣೆಯ ಭಿಡೆವಾಡಾದಲ್ಲಿ ಇವರ ಮೊದಲ ಹೆಣ್ಣುಮಕ್ಕಳ ಶಾಲೆ ಆರಂಭವಾಯಿತು. ಸಾವಿತ್ರಿಬಾಯಿಯವರಿಗೆ ಆಗ ಹದಿನೇಳು. ಶಾಲೆಗೆ ನಡೆದುಹೋಗುವಾಗ ಬೀದಿಯಲ್ಲಿ ನಿಂತವರು ಕೆಸರು, ಸೆಗಣಿ ಎಸೆಯುತ್ತಿದ್ದರಂತೆ. ಬದಲಿಗೊಂದು ಸೀರೆಯನ್ನು ಜೊತೆಗೇ ಒಯ್ದು, ಶಾಲೆಗೆ ಹೋದ ಮೇಲೆ ಉಟ್ಟುಕೊಂಡು ಪಾಠಕ್ಕೆ ನಿಲ್ಲುತ್ತಿದ್ದರೆಂದು ಹೇಳುತ್ತಾರೆ. ಮರುವರ್ಷ ಮಾವ ಗೋವಿಂದರಾಯರು ಮಗ ಸೊಸೆಯರನ್ನು ಮನೆಯಿಂದ ಹೊರಗೆ ಕಳಿಸಿದರು. ಅವರೇನೂ ದುಷ್ಟರಲ್ಲ, ಮಗನನ್ನು ಓದಿಸಿದವರು ಅವರೇ. ಸಮಾಜದ ಒತ್ತಡಕ್ಕೆ ಮಣಿದರು, ಅಷ್ಟೇ. ಅಂಜಿದ ಸಜ್ಜನರಿಂದ ಲೋಕದಲ್ಲಿ ಆಗಿರುವ ಕೇಡು ದುರ್ಜನರಿಂದ ಆದುದಕ್ಕಿಂತ ಕಡಿಮೆಯಲ್ಲವೆಂದು ನಮಗೆ ಎಷ್ಟೋ ಸಲ ಅನಿಸಿದೆ.

ಹೆಣ್ಣುಮಕ್ಕಳ ಶಾಲೆಯ ಜೊತೆಗೆ, ಊರು ಹೊರಗಿಟ್ಟಿದ್ದ ಮಹಾರ ಮತ್ತು ಮಾಂಗ ಕೇರಿಗಳ ಮಕ್ಕಳಿಗೂ ಇವರು ಶಾಲೆ ತೆರೆದರು. ಅಲ್ಲಿ ಓದಿದ ಮಾಂಗ ಸಮಾಜದ ಮುಕ್ತಾ ಎಂಬ ಹುಡುಗಿ ತನ್ನ ಜನರ ದುಃಖವನ್ನು ಕುರಿತು ಪ್ರಬಂಧವೊಂದನ್ನು ಬರೆದಳು. ಅದು 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಕೇರಿಯ ಮಗಳು ತನ್ನ ನೋವನ್ನು ತಾನೇ ಬರೆದು ಊರಿಗೆ ಓದಿಸಿದಳೆಂದರೆ, ಆ ಶಾಲೆಗೆ ಬೇರೆ ಪರೀಕ್ಷೆ ಯಾಕೆ ಬೇಕು?

ಸಾವಿತ್ರಿಬಾಯಿಯವರು ಪತಿಗೆ ಬರೆದ ಪತ್ರಗಳು ಉಳಿದಿವೆ. ಅವುಗಳಲ್ಲಿ ಒಂದು 1856ರದು. ಕಾಯಿಲೆ ಬಿದ್ದು ತವರಿಗೆ ಹೋಗಿದ್ದ ಕಾಲ. ತಾವಿಲ್ಲದಾಗ ಶಾಲೆಯ ಹೊರೆಯೆಲ್ಲ ಜೊತೆಗಾತಿ ಫಾತಿಮಾಳ ಮೇಲೆ ಬಿದ್ದಿದೆಯಲ್ಲ ಎಂಬ ಚಿಂತೆಯನ್ನು ಅದರಲ್ಲಿ ತೋಡಿಕೊಂಡಿದ್ದಾರೆ. ಅಣ್ಣನೊಡನೆ ನಡೆದ ವಾದವನ್ನೂ ಬರೆದಿದ್ದಾರೆ. ಮಹಾರ, ಮಾಂಗರಿಗಾಗಿ ದುಡಿದು ಕುಲಕ್ಕೆ ಕಳಂಕ ತರುತ್ತಿದ್ದೀರಿ, ಜಾತಿಯ ನಡೆಗೆ ತಕ್ಕಂತೆ ಇರಿ ಎಂದು ಅಣ್ಣ ಬೈದನಂತೆ. ತಂಗಿ ಸುಮ್ಮನಿರಲಿಲ್ಲ. ಆಕಳು, ಆಡುಗಳನ್ನು ಮೈದಡವಿ ಸಾಕುವ ನೀನು, ನಾಗರಪಂಚಮಿಗೆ ವಿಷದ ಹಾವಿಗೆ ಹಾಲೆರೆಯುವ ನೀನು, ನಿನ್ನಂತೆಯೇ ಮನುಷ್ಯರಾದವರನ್ನು ಮುಟ್ಟಲು ಹೇಸುವುದು ಏಕೆಂದು ಕೇಳಿದರು. ಅಣ್ಣನ ಬಳಿ ಉತ್ತರವಿರಲಿಲ್ಲ.

ಭಕ್ತ ಬಂಧುಗಳೇ, ಪಂಚಮಿ ಹಬ್ಬವನ್ನು ನಮ್ಮ ಭಾಗದಲ್ಲಿ ಎಷ್ಟು ಸಂಭ್ರಮದಿಂದ ಮಾಡುತ್ತೇವೆ! ಉಂಡಿ ಕಟ್ಟುತ್ತೇವೆ, ಜೋಕಾಲಿ ಹಾಕುತ್ತೇವೆ, ಹುತ್ತಕ್ಕೆ ಹಾಲೆರೆಯುತ್ತೇವೆ. ಅದೇ ದಿನ ಕೆಲವು ಊರುಗಳ ಚಹಾದ ಅಂಗಡಿಯಲ್ಲಿ ಒಬ್ಬರಿಗೆ ಗಾಜಿನ ಲೋಟ, ಇನ್ನೊಬ್ಬರಿಗೆ ಎಸೆಯುವ ಲೋಟ ಕೊಡುವುದು ನಡೆದಿರುತ್ತದೆ. ಕಾಯಿದೆಗೆ ಅಂಜಿ ಲೋಟದ ಬಣ್ಣ ಬದಲಾಗಿದೆ, ಮನಸ್ಸಿನದು ಬದಲಾಗಿಲ್ಲ. ಹಬ್ಬವನ್ನು ಬಿಡಿರೆಂದು ನಾವು ಹೇಳುವುದಿಲ್ಲ. ನಾಯಗಾಂವದ ಆ ತಂಗಿಯ ಪ್ರಶ್ನೆಗೆ ನಿಮ್ಮ ಊರಿನ ಉತ್ತರವೇನೆಂದು ಮಾತ್ರ ಕೇಳುತ್ತೇವೆ.

ಅವರ ಬದುಕಿನ ಇನ್ನೊಂದು ಭಾಗವನ್ನು ಹಿರಿಯರು ತಾಳ್ಮೆಯಿಂದ ಕೇಳಬೇಕು. ಅಂದು ಬ್ರಾಹ್ಮಣ ಕುಲದಲ್ಲಿ ಬಾಲವಿಧವೆಯರಿಗೆ ಮರುಮದುವೆ ಇರಲಿಲ್ಲ. ಅಂಥ ಹೆಣ್ಣು ಯಾರದೋ ಮೋಸಕ್ಕೆ ಸಿಕ್ಕು ಬಸುರಾದರೆ ಎರಡೇ ದಾರಿ: ತಾನು ಬಾವಿಗೆ ಬೀಳುವುದು, ಇಲ್ಲವೇ ಹುಟ್ಟಿದ ಕೂಸಿನ ಉಸಿರು ನಿಲ್ಲಿಸುವುದು. 1863ರಲ್ಲಿ ಫುಲೆ ದಂಪತಿಗಳು ತಮ್ಮ ಮನೆಯಲ್ಲೇ ಅಂಥವರಿಗೆ ಆಶ್ರಯ ತೆರೆದರು. ಗುಟ್ಟಾಗಿ ಬಂದು ಹೆತ್ತು ಹೋಗಿರಿ, ಕೂಸನ್ನು ನಾವು ಸಾಕುತ್ತೇವೆ ಎಂಬ ಪ್ರಕಟಣೆಯನ್ನು ಪುಣೆಯಲ್ಲಿ ಹಚ್ಚಿಸಿದರು. 1884ರ ಹೊತ್ತಿಗೆ ಹೀಗೆ ಬಂದವರು 35 ಮಂದಿ ಎಂದು ಜ್ಯೋತಿರಾಯರು ಬರೆದಿದ್ದಾರೆ. ಅವರ ಬಾಣಂತನದ ಆರೈಕೆ ಸಾವಿತ್ರಿಬಾಯಿಯವರದು. ಸ್ವಂತ ಮಕ್ಕಳಿಲ್ಲದ ಈ ತಾಯಿ, ಅಲ್ಲಿಗೆ ಬಂದಿದ್ದ ಕಾಶಿಬಾಯಿ ಎಂಬ ವಿಧವೆಯ ಮಗನನ್ನು 1874ರಲ್ಲಿ ದತ್ತು ತೆಗೆದುಕೊಂಡು ಯಶವಂತನೆಂದು ಹೆಸರಿಟ್ಟರು. ತಮಗೆ ಸೆಗಣಿ ಎಸೆದವರ ಕುಲದ ಕೂಸೆಂದು ಅವರು ಎಣಿಸಲಿಲ್ಲ. ಆ ಯಶವಂತ ಮುಂದೆ ವೈದ್ಯನಾದ. ಅವನ ಹೆಸರನ್ನು ನೆನಪಿನಲ್ಲಿಡಿ.

1868ರಲ್ಲಿ ತಮ್ಮ ಮನೆಯ ನೀರಿನ ಹೌದನ್ನು ಕೇರಿಯವರಿಗೆ ತೆರೆದರು. ಅದೇ ವರ್ಷದ ಒಂದು ಪತ್ರದಲ್ಲಿ, ಪಂಚಾಂಗ ಹೇಳುತ್ತ ಊರೂರು ಅಲೆಯುತ್ತಿದ್ದ ಬ್ರಾಹ್ಮಣ ಯುವಕನನ್ನೂ ಅವನಿಂದ ಗರ್ಭಿಣಿಯಾದ ಮಹಾರ ಕನ್ಯೆಯನ್ನೂ ಊರವರು ಹೊಡೆದು ಕೊಲ್ಲಲು ಮುಂದಾದದ್ದನ್ನು ತಿಳಿಸಿದ್ದಾರೆ. ಸಾವಿತ್ರಿಬಾಯಿಯವರು ಓಡಿಹೋಗಿ ನಡುವೆ ನಿಂತು, ಕೊಂದರೆ ಸರ್ಕಾರದ ಶಿಕ್ಷೆ ತಪ್ಪದೆಂದು ಎಚ್ಚರಿಸಿ ಆ ಎರಡು ಜೀವಗಳನ್ನು, ಅಲ್ಲ, ಮೂರು ಜೀವಗಳನ್ನು ಉಳಿಸಿದರು. ಜಾತಿ ಮೀರಿ ಮದುವೆಯಾದ ಮಗಳನ್ನು ಹೆತ್ತವರೇ ಕೊಂದ ಸುದ್ದಿಯನ್ನು ಈಗಲೂ ನಾವು ಪತ್ರಿಕೆಯಲ್ಲಿ ಓದುತ್ತೇವೆ. ಅಂಥ ಹೊತ್ತಿನಲ್ಲಿ ನಡುವೆ ಹೋಗಿ ನಿಲ್ಲುವ ಹಿರಿಯರು ಊರಿನಲ್ಲಿ ಒಬ್ಬರಾದರೂ ಬೇಡವೇ?

1876-77ರ ಬರಗಾಲದಲ್ಲಿ ದಂಪತಿಗಳು ಹಸಿದವರಿಗೆ ಅನ್ನದ ವ್ಯವಸ್ಥೆ ಮಾಡಿದರು. 1890ರ ನವೆಂಬರ್ 28ರಂದು ಜ್ಯೋತಿರಾಯರು ತೀರಿಕೊಂಡರು. ತಮ್ಮ ದೇಹವನ್ನು ಉಪ್ಪು ಹಾಕಿ ಹೂಳಬೇಕೆಂಬುದು ಅವರ ಇಚ್ಛೆಯಾಗಿತ್ತು. ಭೂಮಿಗೆ ದೇಹವನ್ನೊಪ್ಪಿಸುವ ಪದ್ಧತಿಯವರಾದ ನಮಗೆ ಆ ಮಾತು ಹತ್ತಿರವೆನಿಸುತ್ತದೆ. ಆದರೆ ವಸತಿಯ ಜಾಗವೆಂದು ನಗರಸಭೆ ಒಪ್ಪದೆ ದಹನವನ್ನೇ ಮಾಡಬೇಕಾಯಿತು. ದತ್ತುಮಗನಿಗೆ ಅಧಿಕಾರವಿಲ್ಲವೆಂದು ಬಂಧುಗಳು ತಕರಾರು ತೆಗೆದರು. ಆಗ ಸಾವಿತ್ರಿಬಾಯಿಯವರು ಬೆಂಕಿಯ ಮಡಕೆಯನ್ನು ತಾವೇ ಹಿಡಿದು ಶವದ ಮುಂದೆ ನಡೆದರು. ಹೆಣ್ಣುಮಕ್ಕಳು ಸ್ಮಶಾನದ ದಾರಿಯನ್ನೂ ತುಳಿಯದ ಕಾಲ ಅದು. ಮೂರು ವರುಷಗಳ ನಂತರ ಸಾಸವಡದಲ್ಲಿ ಸೇರಿದ ಸತ್ಯಶೋಧಕ ಸಮಾಜದ ಪರಿಷತ್ತಿಗೆ ಅವರದೇ ಅಧ್ಯಕ್ಷತೆ.

ಆಮೇಲೆ ಬಂದದ್ದು ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಾರಿ ಕೆಲವೇ ತಿಂಗಳಲ್ಲಿ ಪುಣೆಗೆ, 1898ರಲ್ಲಿ ನಮ್ಮ ಹುಬ್ಬಳ್ಳಿಗೆ, ಬೆಂಗಳೂರಿಗೆ ಮುಟ್ಟಿತು. ಮನೆಯಲ್ಲಿ ಇಲಿ ಸತ್ತುಬಿದ್ದರೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ನಾವೂ ಬಾಲ್ಯದಲ್ಲಿ ವೃದ್ಧರಿಂದ ಕೇಳಿದ್ದೇವೆ. ಸಂಕಕ್ಕೆ, ತೊಡೆಯ ಸಂದಿಗೆ ಗಡ್ಡೆ ಎದ್ದು, ಜ್ವರ ಏರಿ, ಕೆಲವೇ ದಿನಗಳಲ್ಲಿ ಮನುಷ್ಯ ಹೋಗಿಬಿಡುತ್ತಿದ್ದ. ರೋಗದ ಅಣುಜೀವಿಯನ್ನು 1894ರಲ್ಲಿಯೇ ಕಂಡುಹಿಡಿದಿದ್ದರು. ಆದರೆ ಅದನ್ನು ಇಲಿಯಿಂದ ಮನುಷ್ಯನಿಗೆ ತರುವುದು ಚಿಗಟವೆಂದು ತಿಳಿದದ್ದು 1898ರಲ್ಲಿ. ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡರು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಚುಚ್ಚುಮದ್ದು ಹಾಕಿಸಿಕೊಂಡರು. ಲಸಿಕೆಗೆ ಹಿಂಜರಿಯುವವರು ತಮ್ಮ ಮುತ್ತಜ್ಜಂದಿರ ಧೈರ್ಯವನ್ನಾದರೂ ನೆನೆಯಲಿ.

ಪ್ಲೇಗಿಗೆ ಈಗ ಔಷಧವಿದೆ, ಬೇಗ ಕೊಟ್ಟರೆ ಗುಣವಾಗುತ್ತದೆ. ರೋಗಿಯನ್ನು ಹೊರಗಿಡುವ ನಮ್ಮ ರೋಗಕ್ಕೆ ಮಾತ್ರ ಔಷಧ ಇನ್ನೂ ಸಿಕ್ಕಿಲ್ಲ. 2020ರಲ್ಲಿ ಕೊರೊನಾ ಬಂದಾಗ ಹೆತ್ತ ತಂದೆಯ ಶವವನ್ನು ಒಯ್ಯಲು ಬಾರದ ಮಕ್ಕಳಿದ್ದರು. ಗುರುತು ಪರಿಚಯವಿಲ್ಲದ ತರುಣರು, ಅನ್ಯ ಜಾತಿ ಧರ್ಮದವರು ಅಂಥ ಶವಗಳಿಗೆ ಸಂಸ್ಕಾರ ಮಾಡಿದರು. ಕ್ಷಯರೋಗಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ನುಂಗಿದರೆ ಸಾಕು. ಆದರೂ ಮಗಳಿಗೆ ಕೆಮ್ಮೆಂದು ತಿಳಿದರೆ ಸಂಬಂಧ ತಪ್ಪೀತೆಂದು ಮುಚ್ಚಿಡುವ ತಾಯಂದಿರು ಮಠಕ್ಕೆ ಬಂದು ವಿಭೂತಿ ಬೇಡುತ್ತಾರೆ. ವಿಭೂತಿ ಕೊಡುತ್ತೇವೆ, ಕಫ ಪರೀಕ್ಷೆಯ ಚೀಟಿ ತಂದು ತೋರಿಸಬೇಕೆಂದು ಕಟ್ಟಪ್ಪಣೆಯನ್ನೂ ಮಾಡುತ್ತೇವೆ. ಮುಚ್ಚಿಟ್ಟ ರೋಗ ಮನೆಯವರಿಗೆಲ್ಲ ಹಂಚಿಕೆಯಾಗುತ್ತದೆ ಎಂಬುದನ್ನು ಮರೆಯಬೇಡಿರಿ.

ಇತ್ತ ಪುಣೆಯಲ್ಲಿ 1897ರ ಆರಂಭಕ್ಕೆ ಸರ್ಕಾರ ರೋಗದ ತಡೆಗೆ ಬಿರುಸಿನ ಕ್ರಮ ಕೈಗೊಂಡಿತು. ಸೈನಿಕರು ಮನೆಮನೆಗೆ ನುಗ್ಗಿ ಶೋಧಿಸುತ್ತಿದ್ದರು. ಕೆಲಸ ಬೇಕಾದದ್ದೇ, ರೀತಿ ಮಾತ್ರ ಜನರ ಮಾನ ಕಳೆಯುವಂಥದು. ಆದ್ದರಿಂದ ಜನ ರೋಗಿಗಳನ್ನು ಬಚ್ಚಿಟ್ಟರು. ಉಳ್ಳವರು ಊರು ಬಿಟ್ಟರು. ಕೇರಿಯವರು ಎಲ್ಲಿಗೆ ಹೋದಾರು? ಅರವತ್ತಾರು ವರುಷದ ಸಾವಿತ್ರಿಬಾಯಿಯವರು ಸೇನೆಯಲ್ಲಿ ವೈದ್ಯನಾಗಿದ್ದ ಮಗ ಯಶವಂತನನ್ನು ಕರೆಸಿಕೊಂಡು, ಊರಿನ ಹೊರಗೆ ಹಡಪಸರದ ಕಡೆ ತೋಟದ ಬಯಲಿನಲ್ಲಿ ಪ್ಲೇಗಿನವರಿಗಾಗಿ ದವಾಖಾನೆ ತೆರೆಸಿದರು. ಗಾಳಿ ಬೆಳಕಿನ ಜಾಗ. ಮಗ ಚಿಕಿತ್ಸೆ ನೋಡಿಕೊಂಡರೆ, ತಾಯಿ ಬಿದ್ದವರನ್ನು ಹುಡುಕಿ ತರುತ್ತಿದ್ದರು.

ಮುಂಢವೆ ಎಂಬ ಊರಿನ ಮಹಾರ ಕೇರಿಯಲ್ಲಿ ಪಾಂಡುರಂಗನೆಂಬ ಬಾಲಕನಿಗೆ ಪ್ಲೇಗು ತಗಲಿದೆ ಎಂಬ ಸುದ್ದಿ ಬಂತು. ಮುಟ್ಟಿದರೆ ಕುಲಗೇಡು ಎನ್ನುವ ಕೇರಿ, ಮುಟ್ಟಿದರೆ ಸಾವು ಎನ್ನುವ ರೋಗ. ತಾಯಿಯವರು ನಡೆದುಹೋಗಿ, ಹುಡುಗನನ್ನು ಬೆನ್ನ ಮೇಲೆ ಹೊತ್ತುಕೊಂಡು ದವಾಖಾನೆಗೆ ತಂದರು. ಹುಡುಗ ಬದುಕಿದ. ತಾಯಿಗೆ ಜ್ವರ ಏರಿತು. 1897ರ ಮಾರ್ಚ್ 10ರ ರಾತ್ರಿ ಅವರು ಲಿಂಗೈಕ್ಯರಾದರೆಂದೇ ನಾವು ಹೇಳುತ್ತೇವೆ, ಅವರು ಯಾವ ಪಂಥದವರಾದರೇನು.

ಯಶವಂತರಾಯರು ಸೇನೆಯ ಸೇವೆಗೆ ಹಿಂದಿರುಗಿದರು. 1905ರಲ್ಲಿ ಪುಣೆಗೆ ಮತ್ತೆ ಪ್ಲೇಗು ಬಂದಾಗ ರೋಗಿಗಳನ್ನು ನೋಡಲು ಊರಿಗೆ ಬಂದರು. ಆ ವರ್ಷವೇ ಅದೇ ರೋಗದಿಂದ ತೀರಿಕೊಂಡರು.