ಡಾ. ಸುಭಾಷ್ ಮುಖರ್ಜಿ: ಯಾರೂ ನಂಬದ ಡಾಕ್ಟರ್

ನಮ್ಮ ಕಳಸದ ಕಡೆ ಮದುವೆಯಾಗಿ ಮೂರ್ನಾಲ್ಕು ವರ್ಷ ಮಕ್ಕಳಾಗದಿದ್ರೆ ಮೊದಲು ಮಾತು ಕೇಳೋದು ಸೊಸೆ. ಹೊರನಾಡಿಗೆ ಹರಕೆ ಹೊರೋರು ಇದ್ದಾರೆ; ದೇಹದೊಳಗೆ ಏನು ತೊಂದರೆ ಅಂತ ಕೇಳೋರು ಕಡಿಮೆ. ಅದನ್ನ ಕೇಳಿ ಉತ್ತರವನ್ನೂ ಹುಡುಕಿದವರು ಡಾ. ಸುಭಾಷ್ ಮುಖರ್ಜಿ.

ಅವರು ಹುಟ್ಟಿದ್ದು 1931ರ ಜನವರಿ 16ರಂದು, ಹಜಾರಿಬಾಗ್‌ನಲ್ಲಿ. ಕೋಲ್ಕತ್ತಾದಲ್ಲಿ ವೈದ್ಯಕೀಯ ಓದಿ ಅಲ್ಲೊಂದು ಪಿಎಚ್‌ಡಿ, ಎಡಿನ್‌ಬರೋದಲ್ಲಿ ಇನ್ನೊಂದು ಪಿಎಚ್‌ಡಿ ಮಾಡಿ, ವಾಪಸ್ ಬಂದು ಬಂಗಾಳದಲ್ಲೇ ಪಾಠ, ಸಂಶೋಧನೆ ಮಾಡಿದರು.

ಅವರ ಬಳಿ ಬಂದ ಒಬ್ಬ ಮಹಿಳೆಯ ಅಂಡನಾಳಗಳು, ಅಂದ್ರೆ ಫೆಲೋಪಿಯನ್ ಟ್ಯೂಬ್‌ಗಳು, ಹಾಳಾಗಿದ್ದವು. ಸುಮಾರು 10 ಸೆಂ.ಮೀ. ಉದ್ದದ ಈ ನಾಳದಲ್ಲೇ ಅಂಡಾಣು ಮತ್ತು ವೀರ್ಯಾಣು ಸೇರೋದು. ಸೋಂಕು, ಕ್ಷಯ ಅಥವಾ ಹಳೇ ಆಪರೇಷನ್‌ನಿಂದ ಅದು ಮುಚ್ಚಿಹೋಗಬಹುದು. ಹೂಮಳೆ ಕೈಕೊಟ್ಟಾಗ ಕಾಫಿ ತೋಟಕ್ಕೆ ಸ್ಪ್ರಿಂಕ್ಲರ್ ಹಾಕ್ತೀವಲ್ಲ, ಕೆರೆಯಲ್ಲಿ ನೀರಿದ್ದು, ಮೋಟರ್ ಚೆನ್ನಾಗಿದ್ದು, ಪೈಪ್ ಮಾತ್ರ ಕಟ್ಟಿಕೊಂಡ್ರೆ ಹೇಗೋ ಹಾಗೆ. ಮುಟ್ಟು ಸರಿಯಾಗೇ ಆಗ್ತಿರುತ್ತೆ, ಅದಕ್ಕೇ ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ.

ಮುಖರ್ಜಿ ಪೈಪನ್ನೇ ಬಿಟ್ಟು ಬೇರೆ ದಾರಿ ಹಿಡಿದರು. ಹಾರ್ಮೋನ್ ಕೊಟ್ಟು ಅಂಡಾಣು ಬೆಳೆಸಿ, ಹೊರತೆಗೆದು, ಲ್ಯಾಬ್‌ನಲ್ಲಿ ಭ್ರೂಣ ಮಾಡಿ, 53 ದಿನ ಹೆಪ್ಪುಗಟ್ಟಿಸಿಟ್ಟು, ನೇರವಾಗಿ ಗರ್ಭಕೋಶಕ್ಕೆ ಸೇರಿಸಿದರು. ಜೊತೆಗಿದ್ದವರು ಸುನೀತ್ ಮುಖರ್ಜಿ ಮತ್ತು ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ. 1978ರ ಅಕ್ಟೋಬರ್ 3ರಂದು ದುರ್ಗಾ ಹುಟ್ಟಿದಳು. ಪ್ರಪಂಚದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಇಂಗ್ಲೆಂಡಿನಲ್ಲಿ ಹುಟ್ಟಿ ಆಗ ಎರಡು ತಿಂಗಳು ದಾಟಿತ್ತು, ಅಷ್ಟೇ. ಆ ಮಗುವಿನ ತಾಯಿಗೂ ಇದೇ ನಾಳದ ತೊಂದರೆ ಇತ್ತು.

ಆದರೆ ಇಲ್ಲಿ ನಂಬಿದವರು ಯಾರು? ರಾಜ್ಯ ಸರ್ಕಾರದ ಸಮಿತಿ ಇದೆಲ್ಲ ಸುಳ್ಳು ಎಂದು ತೀರ್ಮಾನಿಸಿತು. ಆ ಸಮಿತಿಯಲ್ಲಿ ಈ ಕೆಲಸ ಮಾಡಿ ಗೊತ್ತಿದ್ದವರು ಒಬ್ಬರೂ ಇರಲಿಲ್ಲ. ಜಪಾನಿನಲ್ಲಿ ವಿಷಯ ಮಂಡಿಸಲು ಹೋಗೋಕೆ ಅನುಮತಿ ಸಿಗಲಿಲ್ಲ. ಕೊನೆಗೆ ಅವರನ್ನು ಕಣ್ಣಿನ ಸಂಸ್ಥೆಗೆ ವರ್ಗ ಮಾಡಿದರು. 1981ರ ಜೂನ್ 19ರಂದು ಮುಖರ್ಜಿ ತಮ್ಮ ಜೀವವನ್ನೇ ಕಳೆದುಕೊಂಡರು. ಆಗ ಅವರಿಗೆ ಬರೀ 50 ವರ್ಷ.

ಭಾರತದ ಮೊದಲ ಟೆಸ್ಟ್ ಟ್ಯೂಬ್ ಬೇಬಿಯ ಹೆಸರು 1986ರಲ್ಲಿ ಡಾ. ಟಿ. ಸಿ. ಆನಂದ್ ಕುಮಾರ್ ಅವರ ತಂಡಕ್ಕೆ ಬಂದಿತ್ತು. 1997ರಲ್ಲಿ ಅದೇ ಆನಂದ್ ಕುಮಾರ್ ಮುಖರ್ಜಿಯವರ ಟಿಪ್ಪಣಿಗಳನ್ನು ಓದಿದರು. ಮೊದಲಿಗರು ನಾವಲ್ಲ, ಅವರೇ ಎಂದು ಬೆಂಗಳೂರಿನಿಂದ ಬರುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ತನಗೆ ಬಂದ ಹೆಸರನ್ನು ತಾನೇ ಬಿಟ್ಟುಕೊಡೋದು ಸಣ್ಣ ಮಾತಲ್ಲ.

ಇವತ್ತು ಭ್ರೂಣವನ್ನು ಫ್ರೀಜ್ ಮಾಡೋದು ಮಾಮೂಲಿ. ಮುಖರ್ಜಿ ಅದನ್ನು ನೋಡಲಿಲ್ಲ. ಅವರ ಮಾತು ನಂಬದ ಕಾಲದಲ್ಲಿ ಅವರು ಬರೆದಿಟ್ಟ ಕಾಗದ ಉಳಿದುಕೊಂಡಿತ್ತು. ಲ್ಯಾಬ್ ರೆಕಾರ್ಡನ್ನು ಸಬ್‌ಮಿಷನ್ ಹಿಂದಿನ ರಾತ್ರಿ ಕಾಪಿ ಹೊಡೆಯೋ ನಾವೆಲ್ಲ ಇದನ್ನೊಮ್ಮೆ ಯೋಚಿಸಬೇಕು.